ತೋರಿಸಿ ಎಂದರೆ ತೋರಿಸಲು ಏನಿದೆ: ಡೇಟಾ ಆಡಳಿತಕ್ಕೊಂದು ಪ್ರಬುದ್ಧತಾ ಮಾದರಿ ಕಟ್ಟುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನೀರು ಸರಬರಾಜು ಮಾಡುವ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳಿ. ಸಭೆಯಲ್ಲಿ ನಿರ್ದೇಶಕರು ಒಂದು ಸರಳ ಪ್ರಶ್ನೆ ಕೇಳುತ್ತಾರೆ: ನಮ್ಮಲ್ಲಿ ಒಟ್ಟು ಎಷ್ಟು ಸಂಪರ್ಕಗಳಿವೆ? ಎಂಜಿನಿಯರಿಂಗ್ ವಿಭಾಗ ಕೊಳವೆಗೆ ಜೋಡಿಸಿದ ಮೀಟರುಗಳನ್ನು ಎಣಿಸಿ ಒಂದು ಸಂಖ್ಯೆ ಹೇಳುತ್ತದೆ. ಬಿಲ್ಲಿಂಗ್ ವಿಭಾಗ ಖಾತೆಗಳನ್ನು ಎಣಿಸಿ ಇನ್ನೊಂದು ಹೇಳುತ್ತದೆ, ಏಕೆಂದರೆ ಒಂದೇ ಮೀಟರಿನಿಂದ ನೀರು ಪಡೆಯುವ ವಸತಿ ಸಮುಚ್ಚಯದಲ್ಲಿ ಹತ್ತಾರು ಖಾತೆಗಳಿರಬಹುದು. ದೂರು ವಿಭಾಗದ ಪಟ್ಟಿಯಲ್ಲಿ ಮೂರನೆಯದೊಂದು ಸಂಖ್ಯೆ ಇರುತ್ತದೆ. ಸಂಪರ್ಕ ಕಡಿತಗೊಂಡವರ ಹೆಸರನ್ನು ಅಲ್ಲಿಂದ ಯಾರೂ ತೆಗೆದಿಲ್ಲ. ಮೂರೂ ವಿಭಾಗದವರು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾರೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮೂರೂ ವ್ಯವಸ್ಥೆಗಳ ಒಳಹೊರಗು ಬಲ್ಲ ಹಿರಿಯ ಉದ್ಯೋಗಿಯೊಬ್ಬರು ಎರಡು ದಿನ ಕೂತು ಲೆಕ್ಕ ಹೊಂದಿಸಿ ಕೊಡುತ್ತಾರೆ. ವರದಿ ಹೋಗುತ್ತದೆ. ಮುಂದಿನ ವರ್ಷ ಅದೇ ಪ್ರಶ್ನೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ, ಇಡೀ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಡೇಟಾ ಆಡಳಿತ ಎಂದಾಗ ನನ್ನ ಮನಸ್ಸಿನಲ್ಲಿರುವುದು ಇದೇ. ‘ಸಂಪರ್ಕ’ ಎಂದರೇನು ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ, ಆ ತೀರ್ಮಾನ ಎಲ್ಲಿ ದಾಖಲಾಗಿದೆ, ಅದನ್ನು ಮೀರಿದರೆ ಯಾರಿಗೆ ತಿಳಿಯುತ್ತದೆ. ಒಬ್ಬ ವ್ಯಕ್ತಿಯ ನೆನಪನ್ನು ನಂಬಿಕೊಂಡು ಕೂರದೆ ಸಂಸ್ಥೆ ಈ ಪ್ರಶ್ನೆಗಳಿಗೆ ಎಷ್ಟರಮಟ್ಟಿಗೆ ಉತ್ತರಿಸಬಲ್ಲದು ಎಂಬುದೇ ಅದರ ಪ್ರಬುದ್ಧತೆ. ಅದನ್ನು ಹಂತ ಹಂತವಾಗಿ ಗುರುತಿಸಿ ಅಳೆಯಲು ನಮ್ಮದೇ ಮಾದರಿಯೊಂದನ್ನು, ಅಂದರೆ ಪ್ರಬುದ್ಧತಾ ಮಾದರಿಯನ್ನು, ಕಟ್ಟಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ವಿಷಯ.

ಮೊದಲು ಸ್ವಲ್ಪ ಇತಿಹಾಸ ಹೇಳುತ್ತೇನೆ, ಏಕೆಂದರೆ ಇಂದಿನ ಮಾದರಿಗಳಲ್ಲಿರುವ ಒಂದು ದೋಷದ ಬೇರು ಅಲ್ಲಿದೆ. ಹಂತಗಳ ಈ ಕಲ್ಪನೆ ಡೇಟಾ ಕ್ಷೇತ್ರದಲ್ಲಿ ಹುಟ್ಟಿದ್ದಲ್ಲ. 1979ರಲ್ಲಿ ಗುಣಮಟ್ಟ ತಜ್ಞ ಫಿಲಿಪ್ ಕ್ರಾಸ್ಬಿ ಕಾರ್ಖಾನೆಗಳ ಗುಣಮಟ್ಟ ನಿರ್ವಹಣೆಗೆ ಐದು ಹಂತಗಳ ಒಂದು ಕೋಷ್ಟಕ ಕೊಟ್ಟರು. ಅನಿಶ್ಚಿತತೆಯಿಂದ ಶುರುವಾಗಿ ಖಚಿತತೆಯವರೆಗೆ ಹೋಗುವ ಹಾದಿ ಅದು. ಆ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆಗೆ ಬೇರೊಂದು ತಲೆನೋವಿತ್ತು: ಗುತ್ತಿಗೆದಾರರು ಬರೆದುಕೊಡುವ ಸಾಫ್ಟ್‌ವೇರ್ ತಡವಾಗುತ್ತಿತ್ತು, ಖರ್ಚು ಅಂದಾಜು ಮೀರುತ್ತಿತ್ತು. ಅದರ ಹಣದಿಂದ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಐಬಿಎಂನಲ್ಲಿ ದೀರ್ಘಕಾಲ ದುಡಿದ ವಾಟ್ಸ್ ಹಂಫ್ರಿ ಅಲ್ಲಿ ಕ್ರಾಸ್ಬಿಯ ಐದು ಹಂತಗಳನ್ನು ಸಾಫ್ಟ್‌ವೇರಿಗೆ ಒಗ್ಗಿಸಿದರು. 1991ರಲ್ಲಿ ಅದು ಸಿಎಂಎಂ (ಸಾಮರ್ಥ್ಯ ಪ್ರಬುದ್ಧತಾ ಮಾದರಿ) ಎಂಬ ಹೆಸರಿನಲ್ಲಿ ಹೊರಬಂತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಬಹುದು ಎಂದು ಹೊರಗಿನವರು ತೂಗಿ ನೋಡಲು ಆ ವಿಧಾನ ಬೇಕಾಗಿತ್ತು. ಪರೀಕ್ಷೆ ಬರೆದು ಅಂಕ ತೋರಿಸುವ ಗುಣ ಹುಟ್ಟಿನಿಂದಲೇ ಅದಕ್ಕೆ ಅಂಟಿಕೊಂಡಿದೆ. ಡೇಟಾ ಕ್ಷೇತ್ರ ಆಮೇಲೆ ಅದೇ ಅಚ್ಚನ್ನು ಎರವಲು ತಂದಿತು. ಐಬಿಎಂ ಕೂಡಿಸಿದ ಡೇಟಾ ಗವರ್ನೆನ್ಸ್ ಕೌನ್ಸಿಲ್ 2007ರಲ್ಲಿ ತನ್ನ ಮಾದರಿ ಪ್ರಕಟಿಸಿತು. ಸಿಎಂಎಂನ ಮುಂದಿನ ರೂಪವಾದ ಸಿಎಂಎಂಐಯನ್ನು ನೋಡಿಕೊಳ್ಳುವ ಸಿಎಂಎಂಐ ಇನ್‌ಸ್ಟಿಟ್ಯೂಟ್ 2014ರಲ್ಲಿ 25 ಪ್ರಕ್ರಿಯಾ ಕ್ಷೇತ್ರಗಳ ಡಿಎಂಎಂ, ಅಂದರೆ ಡೇಟಾ ನಿರ್ವಹಣೆಯ ಪ್ರಬುದ್ಧತಾ ಮಾದರಿ, ತಂದಿತು. ಈಗ ಅದು ಪ್ರತ್ಯೇಕವಾಗಿ ಉಳಿಯದೆ ಸಿಎಂಎಂಐ ಒಳಗೆ ಸೇರಿಹೋಗಿದೆ. ಹಣಕಾಸು ವಲಯದಲ್ಲಿ ಇಡಿಎಂ ಕೌನ್ಸಿಲ್‌ನ ಡಿಕ್ಯಾಮ್ ಎಂಬ ಮೌಲ್ಯಮಾಪನ ಚೌಕಟ್ಟು ಬಳಕೆಯಲ್ಲಿದೆ. ಡೇಟಾ ನಿರ್ವಹಣೆಯ ವೃತ್ತಿಪರರ ಡಾಮಾ ಸಂಘಟನೆಯ ಕೈಪಿಡಿಯ 2017ರ ಎರಡನೆಯ ಆವೃತ್ತಿ ಡೇಟಾ ನಿರ್ವಹಣೆಯನ್ನು 11 ಜ್ಞಾನ ಕ್ಷೇತ್ರಗಳಾಗಿ ವಿಂಗಡಿಸಿದೆ. ಇವೆಲ್ಲ ಶ್ರಮಪಟ್ಟು ಕಟ್ಟಿದ, ಓದಲೇಬೇಕಾದ ಕೆಲಸಗಳು. ಆದರೆ ಎಲ್ಲಕ್ಕೂ ಆ ಅಂಕಪಟ್ಟಿಯ ಅಭ್ಯಾಸ ಸ್ವಲ್ಪ ಮೆತ್ತಿಕೊಂಡಿದೆ. ‘ನಾವು 2.6ರಲ್ಲಿದ್ದೇವೆ, ಎರಡು ವರ್ಷದಲ್ಲಿ 3.5 ಮುಟ್ಟುತ್ತೇವೆ’ ಎಂಬ ಸ್ಲೈಡ್ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಸಂಖ್ಯೆ ಕೇಳಿದ ಮೇಲೆ ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಎಂದು ಮಾತ್ರ ತಿಳಿಯುವುದಿಲ್ಲ.

ನಮ್ಮ ಮಾದರಿ ಆ ಕೊನೆಯ ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೆ ಬೇಕಾದದ್ದು ಒಂದು ಶಿಸ್ತು: ಪ್ರತಿ ಹಂತದ ವಿವರಣೆಯನ್ನು ಕಣ್ಣಿಗೆ ಕಾಣುವ ಪುರಾವೆಯ ರೂಪದಲ್ಲಿ ಬರೆಯುವುದು. ಉಳಿದದ್ದೆಲ್ಲ ಇದಕ್ಕೆ ಪೂರಕ.

ಸಿದ್ಧ ಮಾದರಿಗಳ ಹಂತ ವಿವರಣೆಗಳನ್ನು ತೆರೆದು ನೋಡಿ. ‘ಡೇಟಾ ಗುಣಮಟ್ಟದ ಪ್ರಕ್ರಿಯೆಗಳು ಸಂಸ್ಥೆಯಾದ್ಯಂತ ವ್ಯಾಖ್ಯಾನಗೊಂಡು ಜಾರಿಯಲ್ಲಿವೆ’ ಎಂಬ ಧಾಟಿಯ ವಾಕ್ಯಗಳು ಸಿಗುತ್ತವೆ. ಇದನ್ನು ಓದಿ ಒಬ್ಬರು ಹೌದು ಎನ್ನಬಹುದು, ಪಕ್ಕದಲ್ಲಿ ಕೂತವರು ಇಲ್ಲ ಎನ್ನಬಹುದು. ಇಬ್ಬರನ್ನೂ ಅಲ್ಲಗಳೆಯಲು ನಮ್ಮ ಬಳಿ ಏನೂ ಇರುವುದಿಲ್ಲ. ನೀರಿನ ಸಂಸ್ಥೆಯ ಮೀಟರ್ ರೀಡಿಂಗ್ ಡೇಟಾ ಒಂದನ್ನೇ ಹಿಡಿದು ಅದರ ಗುಣಮಟ್ಟದ ಐದು ಹಂತಗಳನ್ನು ಬರೆಯಲು ಕೂತರೆ ಹೇಗಿರುತ್ತದೆ, ನೋಡೋಣ.

ಮೊದಲ ಹಂತದಲ್ಲಿ ತಪ್ಪು ರೀಡಿಂಗ್ ಗೊತ್ತಾಗುವುದು ಗ್ರಾಹಕರು ಬಿಲ್ ಹಿಡಿದುಕೊಂಡು ಬಂದಾಗ. ಇದಕ್ಕೆ ಪುರಾವೆ ದೂರು ಪುಸ್ತಕ: ಅಲ್ಲಿ ಬಿಲ್ ದೂರುಗಳಿವೆ, ಸಂಸ್ಥೆ ತಾನಾಗಿ ಕಂಡುಹಿಡಿದ ತಪ್ಪುಗಳ ದಾಖಲೆ ಮಾತ್ರ ಎಲ್ಲೂ ಇಲ್ಲ. ಎರಡನೆಯ ಹಂತದಲ್ಲಿ ಬಿಲ್ಲಿಂಗ್ ವಿಭಾಗದ ಒಬ್ಬರು ಪ್ರತಿ ತಿಂಗಳು ತಮ್ಮದೇ ಸ್ಪ್ರೆಡ್‌ಶೀಟಿನಲ್ಲಿ ಅಸಹಜ ರೀಡಿಂಗ್‌ಗಳನ್ನು ಹೆಕ್ಕುತ್ತಾರೆ. ಕೆಲಸ ಚೆನ್ನಾಗಿಯೇ ನಡೆಯುತ್ತದೆ, ಅವರು ರಜೆ ಹಾಕುವ ತಿಂಗಳು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಅವರು ರಜೆಯಲ್ಲಿದ್ದ ತಿಂಗಳ ಶೀಟ್. ಮೂರನೆಯ ಹಂತಕ್ಕೆ ಬರಬೇಕಾದರೆ ಆ ತಪಾಸಣೆಯ ನಿಯಮಗಳು ಬರಹದಲ್ಲಿರಬೇಕು, ಎಲ್ಲ ವಲಯ ಕಚೇರಿಗಳಲ್ಲಿ ಒಂದೇ ಆಗಿರಬೇಕು, ನಿಯಮ ಬದಲಿಸುವ ಅಧಿಕಾರ ಇರುವವರ ಹೆಸರು ಅಲ್ಲಿ ನಮೂದಾಗಿರಬೇಕು, ಮತ್ತು ಯಾವುದಾದರೂ ಎರಡು ವಲಯಗಳಿಂದ ತೆಗೆದ ಕಳೆದ ತಿಂಗಳ ತಪಾಸಣಾ ವರದಿಗಳು ಒಂದೇ ನಿಯಮ ಪಾಲಿಸಿರುವುದು ಕಾಣಬೇಕು. ನಾಲ್ಕನೆಯದರಲ್ಲಿ ತಪ್ಪುಗಳ ಪ್ರಮಾಣ ಅಳತೆಗೆ ಸಿಗುತ್ತದೆ. ಎಷ್ಟು ಮೀರಿದರೆ ಬಿಲ್ ಕಳಿಸುವುದನ್ನು ತಡೆಹಿಡಿಯಬೇಕು ಎಂಬ ಮಿತಿ ಮೊದಲೇ ಒಪ್ಪಿತವಾಗಿರುತ್ತದೆ. ಮಿತಿ ಮೀರಿದ ಒಂದು ಸಲವಾದರೂ ಯಾರೋ ನಿಜವಾಗಿ ತಡೆಹಿಡಿದ ದಾಖಲೆ ಇರುತ್ತದೆ. ಐದನೆಯ ಹಂತದಲ್ಲಿ ತಪ್ಪು ಹುಟ್ಟುವ ಜಾಗಕ್ಕೇ ಕೈಹಾಕಿರುತ್ತಾರೆ. ಹಿಂದಿನ ತಿಂಗಳಿಗಿಂತ ಕಡಿಮೆ ರೀಡಿಂಗ್ ಬಂದರೆ ಕಾರಣ ನಮೂದಿಸದೆ ಮೀಟರ್ ಓದುವವರ ಕೈಯಲ್ಲಿರುವ ಆ್ಯಪ್ ಅದನ್ನು ತೆಗೆದುಕೊಳ್ಳುವುದಿಲ್ಲ. ಮೀಟರ್ ಬದಲಾಗಿದ್ದರೆ ಅದಕ್ಕೊಂದು ಪ್ರತ್ಯೇಕ ನಮೂದು ಇರುತ್ತದೆ. ಹಾಗೆ ಸರಿಪಡಿಸಿದ ಮೇಲೆ ಬೇಡವಾದ ಹಳೆಯ ತಪಾಸಣೆಗಳನ್ನು ತೆಗೆದುಹಾಕಿದ್ದಾರೆಯೇ ಎಂದೂ ನೋಡಬೇಕು. ನಿಯಮಗಳು ಹೆಚ್ಚುತ್ತಲೇ ಹೋಗಿ ಒಂದೂ ಇಳಿಯದಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ.

ಹೀಗೆ ಬರೆದಾಗ ವಾದವೇ ಬೇಡವಾಗುತ್ತದೆ. ‘ನಿಮ್ಮಲ್ಲಿ ಇದೆಯೇ’ ಎಂಬ ಪ್ರಶ್ನೆಯ ಜಾಗಕ್ಕೆ ‘ತೋರಿಸಿ’ ಎಂಬ ಮಾತು ಬರುತ್ತದೆ.

ಬರಹದಲ್ಲಿ ನಿಯಮ ಇದ್ದ ಮಾತ್ರಕ್ಕೆ ಮೂರನೆಯ ಹಂತ ಕೊಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಬಳಿ ಕಳೆದುಹೋಯಿತು. ನೌಕೆಯ ಪುಟ್ಟ ಎಂಜಿನ್‌ಗಳ ಆವೇಗದ ಲೆಕ್ಕವನ್ನು ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಪಥ ಲೆಕ್ಕ ಹಾಕುವವರು ಅದನ್ನು ನ್ಯೂಟನ್-ಸೆಕೆಂಡುಗಳೆಂದು ತೆಗೆದುಕೊಂಡರು. ವ್ಯತ್ಯಾಸ ಸುಮಾರು 4.45 ಪಟ್ಟು. ಮೆಟ್ರಿಕ್ ಮಾನದಲ್ಲೇ ಕೊಡಬೇಕು ಎಂದು ಎರಡು ವ್ಯವಸ್ಥೆಗಳ ನಡುವಿನ ಒಪ್ಪಂದದ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಬರಹಕ್ಕೂ ನಿತ್ಯ ಬರುತ್ತಿದ್ದ ಫೈಲುಗಳಿಗೂ ತಾಳೆ ನೋಡುವ ಕೆಲಸ ತಪ್ಪಿಹೋಗಿತ್ತು. ನಮ್ಮ ಸಂಸ್ಥೆಗಳ ನೀತಿ ದಾಖಲೆಗಳನ್ನು ಮೌಲ್ಯಮಾಪನ ಮಾಡುವಾಗ ಈ ನೌಕೆಯನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಘಟನೆ ತೀರಾ ಹಳೆಯದಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯದ ಫಲಿತಾಂಶಗಳನ್ನು ತುಂಬುತ್ತಿದ್ದ ಎಕ್ಸೆಲ್ ಫೈಲು ಹಳೆಯ ನಮೂನೆಯದು. ಒಂದು ಶೀಟಿಗೆ 65,536 ಸಾಲುಗಳ ಮಿತಿ ಅದಕ್ಕಿತ್ತು. ಸೋಂಕಿತರಿಗೆ ಅವರ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ತಡವಾಯಿತು. ಆ ದಿನಗಳಲ್ಲಿ ಒಂದೊಂದು ದಿನದ ವಿಳಂಬಕ್ಕೂ ಮನುಷ್ಯರು ಬೆಲೆ ತೆರುತ್ತಿದ್ದರು. ಕಳುಹಿಸಿದ್ದೆಷ್ಟು ಸಾಲು, ತಲುಪಿದ್ದೆಷ್ಟು ಸಾಲು ಎಂದು ಪ್ರತಿ ಹಸ್ತಾಂತರದಲ್ಲೂ ಎಣಿಸಿ ಹೋಲಿಸುವ ತಪಾಸಣೆ ಇಂಥ ಸೋರಿಕೆಯನ್ನು ಮೊದಲ ದಿನವೇ ಹಿಡಿಯಬಲ್ಲದು. ಅದಕ್ಕೆ ದುಬಾರಿ ತಂತ್ರಾಂಶ ಬೇಡ. ಪ್ರಬುದ್ಧತೆ ಎಂದರೆ ಹೊಸ ಉಪಕರಣ ಕೊಳ್ಳುವುದು ಎಂದುಕೊಂಡವರಿಗೆ ನಾನು ಈ ಎಣಿಕೆಯ ಉದಾಹರಣೆಯನ್ನೇ ಕೊಡುತ್ತೇನೆ.

ಈಗ ಮಾದರಿಗೆ ಎಷ್ಟು ಆಯಾಮಗಳು ಬೇಕು ಎಂಬ ಪ್ರಶ್ನೆ. ಒಡೆತನ ಮತ್ತು ಹೊಣೆ, ಅರ್ಥ ವಿವರಣೆ ಅಂದರೆ ಮೆಟಾಡೇಟಾ, ಗುಣಮಟ್ಟ, ಆಕ್ಸೆಸ್ ಮತ್ತು ಖಾಸಗಿತನ, ಡೇಟಾದ ಆಯುಷ್ಯ ಅಂದರೆ ಎಷ್ಟು ಕಾಲ ಇಟ್ಟು ಯಾವಾಗ ಅಳಿಸಬೇಕು ಎಂಬುದು: ಈ ಐದರಿಂದ ಶುರು ಮಾಡಿದರೆ ಬಹುಪಾಲು ಸಂಸ್ಥೆಗಳಿಗೆ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನಗಾಗಿ ಕಟ್ಟಿಕೊಂಡ ಮಾದರಿಯಲ್ಲಿ ಆರು ಘಟಕಗಳಿವೆ, ಪ್ರತಿಯೊಂದನ್ನೂ ಜನ, ನೀತಿ, ಸಾಮರ್ಥ್ಯ ಎಂಬ ಮೂರು ಕೋನಗಳಿಂದ ನೋಡುತ್ತಾರೆ. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಈ ಮೂರು ಕೋನಗಳ ವಿಭಜನೆ. ಒಳ್ಳೆಯ ನೀತಿ ಇದ್ದೂ ಅದನ್ನು ನಡೆಸುವ ಜನ ಇಲ್ಲದ ಸಂಸ್ಥೆಗೂ, ಶ್ರದ್ಧೆಯ ಜನರಿದ್ದೂ ಕೈಯಲ್ಲಿ ಉಪಕರಣ ಇಲ್ಲದ ಸಂಸ್ಥೆಗೂ ಬೇಕಾದ ಮದ್ದು ಬೇರೆ ಬೇರೆ. ಒಂದೇ ಅಂಕ ಕೊಟ್ಟರೆ ಈ ಭೇದ ಮುಚ್ಚಿಹೋಗುತ್ತದೆ.

ಒಂದೇ ಅಂಕದ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಂತ ಒಂದು, ಎರಡು, ಮೂರು ಎಂಬುವು ಕ್ರಮವನ್ನು ಮಾತ್ರ ಸೂಚಿಸುತ್ತವೆ. ಎರಡಕ್ಕಿಂತ ಮೂರು ಮೇಲು ಎಂದು ಹೇಳಬಹುದು, ಅಷ್ಟೇ. ಒಂದರಿಂದ ಎರಡಕ್ಕೆ ಏರುವ ಶ್ರಮವೂ ಮೂರರಿಂದ ನಾಲ್ಕಕ್ಕೆ ಏರುವ ಶ್ರಮವೂ ಸಮ ಎಂದು ಯಾರೂ ಅಳೆದಿಲ್ಲ. ಅಳತೆಯ ಮಾಪಕಗಳಲ್ಲಿರುವ ಈ ಭೇದಗಳನ್ನು ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲೇ ವಿಂಗಡಿಸಿ ತೋರಿಸಿದ್ದರು. ಕ್ರಮ ಮಾತ್ರ ಇರುವಲ್ಲಿ ಕೂಡಿ ಭಾಗಿಸಿ ಸರಾಸರಿ ತೆಗೆಯುವುದಕ್ಕೆ ಗಟ್ಟಿ ಆಧಾರವಿಲ್ಲ. ಲೆಕ್ಕದ ಶುದ್ಧಿಯನ್ನು ಬದಿಗಿಟ್ಟರೂ ಅದರ ಪರಿಣಾಮ ಕೆಟ್ಟದ್ದು. ಮೆಟಾಡೇಟಾದಲ್ಲಿ ನಾಲ್ಕು, ಗ್ರಾಹಕರ ಖಾಸಗಿ ಮಾಹಿತಿಯ ಆಕ್ಸೆಸ್ ನಿಯಂತ್ರಣದಲ್ಲಿ ಒಂದು ಇರುವ ಸಂಸ್ಥೆಯ ಸರಾಸರಿ 2.5. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು ಇರುವ ಸಂಸ್ಥೆಯದ್ದೂ ಅಷ್ಟೇ. ಕೆಲಸ ಬಿಟ್ಟುಹೋದವರ ಲಾಗಿನ್ ಇನ್ನೂ ಜೀವಂತವಾಗಿರುವುದು ಮೊದಲ ಸಂಸ್ಥೆಯಲ್ಲಿ. ಸರಾಸರಿ ಅದನ್ನೇ ಅಡಗಿಸಿಡುತ್ತದೆ. ಮಂಡಳಿಗೆ ಹೋಗುವ ಪುಟದಲ್ಲಿ ಪ್ರತಿ ಆಯಾಮ ಬಿಡಿಬಿಡಿಯಾಗಿ ಕಾಣಲಿ, ಎಲ್ಲಕ್ಕಿಂತ ಕೆಳಗಿರುವುದು ಎಲ್ಲಕ್ಕಿಂತ ಮೇಲೆ ಬರಲಿ.

ಎಲ್ಲ ಕಡೆ ಐದನೆಯ ಹಂತ ಮುಟ್ಟುವ ಗುರಿಯೂ ಬೇಡ. ಗುರಿ ಎಷ್ಟಿರಬೇಕು ಎಂಬುದು ಆ ಡೇಟಾದ ಮೇಲೆ ನಿಂತಿರುವ ನಿರ್ಧಾರ ಎಂಥದ್ದು ಎಂಬುದನ್ನು ಅವಲಂಬಿಸಿದೆ. ಬ್ಯಾಂಕುಗಳ ಕಥೆಯನ್ನೇ ನೋಡಿ. 2007ರಲ್ಲಿ ಶುರುವಾದ ಹಣಕಾಸು ಬಿಕ್ಕಟ್ಟಿನ ವೇಳೆ ಎಷ್ಟೋ ದೊಡ್ಡ ಬ್ಯಾಂಕುಗಳಿಗೆ ತಮ್ಮ ಅಪಾಯ ಎಲ್ಲೆಲ್ಲಿ ಎಷ್ಟೆಷ್ಟು ಒಟ್ಟುಗೂಡಿದೆ ಎಂದು ಬೇಗನೆ, ನಿಖರವಾಗಿ ಹೇಳಲಾಗಲಿಲ್ಲ. ಆ ಪಾಠದಿಂದ ಬ್ಯಾಂಕ್ ಮೇಲ್ವಿಚಾರಣೆಯ ಅಂತರರಾಷ್ಟ್ರೀಯ ಬಾಸೆಲ್ ಸಮಿತಿ 2013ರ ಜನವರಿಯಲ್ಲಿ 14 ತತ್ತ್ವಗಳನ್ನು ಹೊರಡಿಸಿತು. ಬಿಸಿಬಿಎಸ್ 239 ಎಂದು ಅವು ಪ್ರಸಿದ್ಧ. ಅಲ್ಲಿ ನಿಖರತೆ, ಸಂಪೂರ್ಣತೆಯ ಜೊತೆಗೆ ಸಕಾಲಿಕತೆಯನ್ನೂ ಕೇಳುತ್ತಾರೆ, ಸಂಕಟದ ಸಮಯದಲ್ಲಿ ಧುತ್ತೆಂದು ಬರುವ ಪ್ರಶ್ನೆಗಳಿಗೆ ಹೊಂದಿಕೊಳ್ಳುವ ಗುಣವನ್ನೂ ಕೇಳುತ್ತಾರೆ. ಸಾಲದ ಅಪಾಯದ ಡೇಟಾಕ್ಕೆ ಅಷ್ಟು ಬೇಕು. ಅದೇ ಬ್ಯಾಂಕಿನ ಸಭಾಂಗಣ ಕಾಯ್ದಿರಿಸುವ ಪಟ್ಟಿಗೆ ಎರಡನೆಯ ಹಂತವೇ ಹೆಚ್ಚಾಯಿತು. ಆದ್ದರಿಂದ ಮಾದರಿಯನ್ನು ಇಡೀ ಸಂಸ್ಥೆಯ ಮೇಲೆ ಹೊದಿಸುವ ಮೊದಲು ಒಂದು ಪಟ್ಟಿ ಮಾಡಿ: ತಪ್ಪಾದರೆ ಯಾರಿಗಾದರೂ ನೋವಾಗುವ, ಹಣ ಹೋಗುವ, ಕಾನೂನು ಮುರಿಯುವ ಡೇಟಾ ಯಾವುದು? ಮೊದಲ ಮೌಲ್ಯಮಾಪನ ಅಷ್ಟಕ್ಕೇ ಇರಲಿ.

ಮೌಲ್ಯಮಾಪನ ನಡೆಸುವ ಬಗೆಯಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಮೇಲಧಿಕಾರಿಗಳನ್ನೂ, ದಿನನಿತ್ಯ ಡೇಟಾ ತುಂಬಿಸುವವರನ್ನೂ ಬೇರೆ ಬೇರೆಯಾಗಿ ಕೇಳಿ. ಒಂದೇ ಕೋಣೆಯಲ್ಲಿ ಕೂಡಿಸಿದರೆ ಎಲ್ಲರೂ ಮೇಲಿನವರ ಅಂಕಕ್ಕೆ ತಲೆಯಾಡಿಸುತ್ತಾರೆ. ವ್ಯವಸ್ಥಾಪಕರು ಮೂರು ಎಂದು, ಗುಮಾಸ್ತರು ಒಂದು ಎಂದು ಹೇಳಿದರೆ ಮಧ್ಯದ ಎರಡನ್ನು ಬರೆದು ಮುಗಿಸಬೇಡಿ. ನೀತಿ ಮೇಲಿನ ಮಹಡಿಯಲ್ಲಿದೆ, ಕೆಳಗೆ ತಲುಪಿಲ್ಲ ಎಂಬ ಆ ಅಂತರವೇ ನಿಮ್ಮ ಇಡೀ ಮೌಲ್ಯಮಾಪನದ ಅತ್ಯಂತ ಬೆಲೆಬಾಳುವ ಫಲಿತಾಂಶ ಆಗಿರಬಹುದು. ಅಂಥ ಕಡೆ ಕೂತು ಮಾತಾಡಿದರೆ ಕಾರಣವೂ ಸಿಗುತ್ತದೆ. ಎಷ್ಟೋ ಸಲ ಡೇಟಾ ತುಂಬಿಸುವವರಿಗೆ ತಾವು ತುಂಬುವ ಆ ಮಾಹಿತಿ ಮುಂದೆ ಯಾರ ಕೈಗೆ ಹೋಗುತ್ತದೆ, ಯಾತಕ್ಕೆ ಬಳಕೆಯಾಗುತ್ತದೆ ಎಂದು ಯಾರೂ ಹೇಳಿಯೇ ಇರುವುದಿಲ್ಲ. ಕಡ್ಡಾಯ ಎಂದು ಕೆಂಪು ನಕ್ಷತ್ರ ಹಾಕಿದ ಜಾಗದಲ್ಲಿ ಅವರು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ; ಅವರನ್ನು ದೂರುವಂತಿಲ್ಲ.

ಪುರಾವೆ ಕೇಳುವಾಗ ಎಲ್ಲಿ ಕೈಹಾಕಬೇಕು ಎಂಬುದಕ್ಕೆ ಕೆಲವು ಜಾಗಗಳನ್ನು ಹೇಳುತ್ತೇನೆ. ಡೇಟಾ ಆಡಳಿತ ಸಮಿತಿಯ ಕಳೆದ ಮೂರು ಸಭೆಗಳ ನಡಾವಳಿ ತರಿಸಿ, ಅದರಲ್ಲಿ ತೀರ್ಮಾನಗಳಿವೆಯೇ ಅಥವಾ ‘ಚರ್ಚಿಸಲಾಯಿತು’ ಎಂಬ ಪದವಷ್ಟೇ ಇದೆಯೇ ನೋಡಿ. ಸಮಸ್ಯೆಗಳ ಲಾಗ್‌ನಲ್ಲಿ ಮುಗಿಯದೆ ಉಳಿದಿರುವ ಅತ್ಯಂತ ಹಳೆಯ ಸಮಸ್ಯೆ ಯಾವುದು, ಅದರ ಮುಂದೆ ಯಾರ ಹೆಸರಿದೆ ಎಂದು ಕೇಳಿ. ಪದಕೋಶದ ಕಡತ ಕೊನೆಯ ಸಲ ತಿದ್ದುಪಡಿಯಾದ ದಿನಾಂಕ ನೋಡಿ. ಡೇಟಾದ ಒಡೆಯರೆಂದು ಹೆಸರಿಸಿದವರಿಗೆ ಫೋನ್ ಮಾಡಿ, ತಾವೇ ಒಡೆಯರೆಂಬ ವಿಷಯ ಅವರಿಗೆ ಗೊತ್ತಿದೆಯೇ ಎಂದು ವಿಚಾರಿಸಿ. ಈ ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ತಿಳಿಸಿಕೊಡುವುದು ಮಾತ್ರ ಬಹಳ.

ಅಂಕವನ್ನು ಯಾರ ಬಡ್ತಿಗೂ ಬೋನಸ್ಸಿಗೂ ಕಟ್ಟಬೇಡಿ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ ಸಂಗತಿ ಇಲ್ಲಿಗೂ ಸಲ್ಲುತ್ತದೆ: ನಿಯಂತ್ರಣಕ್ಕೆಂದು ಒತ್ತಡ ಹಾಕಿದೊಡನೆ ಅಳತೆ ತನ್ನ ನಂಬಿಕೆ ಕಳೆದುಕೊಳ್ಳುತ್ತದೆ. ಅಂಕಕ್ಕೆ ಹಣ ಅಂಟಿದ ದಿನ ಪುರಾವೆಯ ಕಡತಗಳು ಮೌಲ್ಯಮಾಪನದ ಹಿಂದಿನ ವಾರ ತಯಾರಾಗತೊಡಗುತ್ತವೆ. ಮಾದರಿಯ ವಾಕ್ಯಗಳನ್ನು ವರ್ಷವರ್ಷವೂ ಬದಲಿಸುವುದೂ ಬೇಡ. ಬದಲಿಸಲೇಬೇಕಾದರೆ ಆವೃತ್ತಿ ಸಂಖ್ಯೆ ಹಾಕಿ, ಹಳೆಯ ಅಳತೆಗೋಲಿನಿಂದಲೂ ಒಮ್ಮೆ ಅಳೆದು ಎರಡನ್ನೂ ಪಕ್ಕಪಕ್ಕದಲ್ಲಿಡಿ. ಇಲ್ಲವಾದರೆ ಏರಿದ್ದು ಸಂಸ್ಥೆಯೋ ಅಳತೆಗೋಲೋ ಎಂದು ತಿಳಿಯುವುದಿಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ಕೃತಕ ಬುದ್ಧಿಮತ್ತೆಯ ಕೆಲಸಗಳು ಬಂದ ಮೇಲೆ ಈ ಮಾದರಿಯನ್ನೇ ಬದಲಿಸಬೇಕೇ? ಹೊಸದಾಗಿ ಕಟ್ಟಬೇಕಿಲ್ಲ ಎಂದು ನನ್ನ ಅಭಿಪ್ರಾಯ, ಆದರೆ ಮೆಟಾಡೇಟಾ ಆಯಾಮದ ಒಂದು ಅಂಶದ ತೂಕ ಬಹಳ ಹೆಚ್ಚಿದೆ: ಡೇಟಾ ಎಲ್ಲಿಂದ ಬಂತು, ದಾರಿಯಲ್ಲಿ ಏನೇನು ಬದಲಾಯಿತು ಎಂಬ ಜಾಡು. 2024ರಲ್ಲಿ ಐರೋಪ್ಯ ಒಕ್ಕೂಟ ತಂದ ಕೃತಕ ಬುದ್ಧಿಮತ್ತೆ ಕಾಯ್ದೆಯ ಹತ್ತನೆಯ ವಿಧಿ ಹೆಚ್ಚಿನ ಅಪಾಯದ ವ್ಯವಸ್ಥೆಗಳಿಗೆ ಡೇಟಾ ಆಡಳಿತವನ್ನೇ ಷರತ್ತಾಗಿಸಿದೆ. ತರಬೇತಿಗೆ ಬಳಸಿದ ಡೇಟಾವನ್ನು ಹೇಗೆ ಸಂಗ್ರಹಿಸಿದಿರಿ, ಮೂಲ ಯಾವುದು, ಅದರಲ್ಲಿ ಪಕ್ಷಪಾತ ಇದೆಯೇ ಎಂದು ಪರಿಶೀಲಿಸಿದಿರಾ ಎಂಬುದನ್ನೆಲ್ಲ ಅದು ನೋಡುತ್ತದೆ. ಅಲ್ಲಿಯೂ ಬಾಯಿಮಾತು ಸಾಲದು, ದಾಖಲೆ ಬೇಕು.

ಇನ್ನೊಬ್ಬರು, ಸಣ್ಣ ಸಂಸ್ಥೆಯವರು: ನಮ್ಮಲ್ಲಿ ಈ ಕೆಲಸಕ್ಕೆ ನಾನೊಬ್ಬಳೇ ಇದ್ದೇನೆ, ಅದೂ ಬೇರೆ ಕೆಲಸದ ನಡುವೆ. ಇಷ್ಟೆಲ್ಲ ಹೇಗೆ ಸಾಧ್ಯ? ಮೇಡಂ, ಒಂದೇ ಒಂದು ಡೇಟಾ ಆರಿಸಿಕೊಳ್ಳಿ, ನಿಮ್ಮ ಸಂಸ್ಥೆ ಅದಿಲ್ಲದೆ ಒಂದು ವಾರ ನಡೆಯಲಾರದು ಎಂಬಂಥದ್ದನ್ನು. ಒಡೆತನ, ಅರ್ಥ, ಗುಣಮಟ್ಟ, ಈ ಮೂರೇ ಆಯಾಮ ಸಾಕು. ಪ್ರತಿಯೊಂದಕ್ಕೂ ಐದು ಹಂತ ಬರೆಯಲು ಕೂರಬೇಡಿ. ಈಗ ಹೇಗಿದೆ ಎಂಬ ಒಂದು ವಾಕ್ಯ, ಅದರ ಮುಂದಿನ ಹಂತ ಹೇಗಿದ್ದರೆ ಒಪ್ಪುತ್ತೀರಿ ಎಂಬ ಇನ್ನೊಂದು ವಾಕ್ಯ. ಎರಡಕ್ಕೂ ಪಕ್ಕದಲ್ಲಿ ಪುರಾವೆ ಏನೆಂದು ಬರೆಯಿರಿ. ಒಂದು ಪುಟದಲ್ಲಿ ಮುಗಿಯುತ್ತದೆ. ಅದನ್ನು ಆ ಡೇಟಾ ತುಂಬಿಸುವವರಿಗೂ, ಅದನ್ನು ನಂಬಿ ನಿರ್ಧಾರ ತೆಗೆದುಕೊಳ್ಳುವವರಿಗೂ ತೋರಿಸಿ, ಇಬ್ಬರೂ ಒಪ್ಪುವ ತನಕ ತಿದ್ದಿ. ಆರು ತಿಂಗಳ ನಂತರ ಅದೇ ಪುಟ ತೆರೆದು ಪುರಾವೆ ಕೇಳಿ. ಸಿಕ್ಕರೆ ಎರಡನೆಯ ಡೇಟಾಕ್ಕೆ ಹೋಗಿ, ಸಿಗದಿದ್ದರೆ ಯಾವ ವಾಕ್ಯದ ಬಳಿ ಕೆಲಸ ನಿಂತಿತು ಎಂದು ನೋಡಿ ಅಲ್ಲಿಂದಲೇ ಮತ್ತೆ ಶುರು ಮಾಡಿ.